ಶಾಂತವೇರಿ ಗೋಪಾಲಗೌಡರು

ಮಲೆನಾಡು ಎಂದೊಡನೆ ಹಸಿರು ಹೊದ್ದ ಬೆಟ್ಟಸಾಲುಗಳು, ಮಳೆಗಾಲದಲ್ಲಿ ತುಂಬಿ ಹರಿಯುವ ಹೊಳೆಗಳು, ತಲೆದೂಗುವ ಅಡಿಕೆಯ ತೋಟಗಳು, ಬೆಟ್ಟದ ಬುಡದಲ್ಲಿ ಹಾಸಿದಂತಿರುವ ಬತ್ತದ ಗದ್ದೆಗಳು ನಮ್ಮ ಕಣ್ಣಮುಂದೆ ಸುಳಿಯುತ್ತವೆ. ಕವಿಗಳು ಈ ಚೆಲುವನ್ನು ಬಗೆಬಗೆಯಾಗಿ ಬಣ್ಣಿಸಿದ್ದಾರೆ. ಆದರೆ ಆ ಗದ್ದೆಯ ಕೆಸರಿನಲ್ಲಿ ಸೊಂಟ ಬಗ್ಗಿಸಿ ನಾಟಿ ಮಾಡಿದ ಕೈಗಳಿಗೆ ಬೆಳೆದ ಬತ್ತದಲ್ಲಿ ಎಷ್ಟು ದಕ್ಕುತ್ತಿತ್ತು ಎಂಬ ಪ್ರಶ್ನೆಯನ್ನು ಬಹುಕಾಲ ಯಾರೂ ಗಟ್ಟಿಯಾಗಿ ಕೇಳಿರಲಿಲ್ಲ. ಸ್ವಾತಂತ್ರ್ಯ ಬಂದ ಹೊಸತರಲ್ಲಿ ಶಿವಮೊಗ್ಗ ಜಿಲ್ಲೆಯ ಕೆಲವರು ಆ ಪ್ರಶ್ನೆಯನ್ನು ಎತ್ತಿದರು. ಅದನ್ನು ಗದ್ದೆಯ ಬದುವಿನಿಂದ ರಾಜ್ಯದ ವಿಧಾನಸಭೆಯವರೆಗೆ ಕೊಂಡೊಯ್ದವರಲ್ಲಿ ಅಗ್ರಗಣ್ಯರು ಶಾಂತವೇರಿ ಗೋಪಾಲಗೌಡರು.

ಗೋಪಾಲಗೌಡರು 1923ನೆಯ ಇಸವಿ ಮಾರ್ಚ್ 14ರಂದು ತೀರ್ಥಹಳ್ಳಿ ತಾಲ್ಲೂಕಿನ ಆರಗದಲ್ಲಿ ಜನಿಸಿದರು. ತಂದೆ ಕೊಲ್ಲೂರಯ್ಯಗೌಡರು, ತಾಯಿ ಶೇಷಮ್ಮನವರು. ಶಾಂತವೇರಿ ಎಂಬುದು ಅವರ ಮನೆತನದ ಊರು. ಆರಗವು ಒಂದು ಕಾಲಕ್ಕೆ ವಿಜಯನಗರದ ಅರಸರ ಆಳ್ವಿಕೆಯಲ್ಲಿ ಒಂದು ಪ್ರಾಂತದ ರಾಜಧಾನಿಯಾಗಿ ಮೆರೆದ ಸ್ಥಳ. ಗೋಪಾಲಗೌಡರು ಹುಟ್ಟಿದ ಕಾಲಕ್ಕೆ ಆ ವೈಭವವೆಲ್ಲ ಕಳೆದು, ಅದೊಂದು ಸಾಮಾನ್ಯ ಹಳ್ಳಿಯಾಗಿತ್ತು. ಅವರದು ಬಡ ಒಕ್ಕಲಿಗ ಕುಟುಂಬ. ಉಳುವವನ ಮನೆಯ ಕಷ್ಟವೇನೆಂಬುದನ್ನು ಅವರು ಪುಸ್ತಕದಿಂದ ಕಲಿಯಬೇಕಾಗಿರಲಿಲ್ಲ. ಬಾಲ್ಯದಲ್ಲಿಯೇ ಅದನ್ನು ಕಣ್ಣಾರೆ ಕಂಡು ಬೆಳೆದರು.

ಅವರು ವಿದ್ಯಾರ್ಥಿಯಾಗಿದ್ದ ಕಾಲ ನಾಡಿನ ಇತಿಹಾಸದಲ್ಲಿ ಸಾಮಾನ್ಯವಾದುದಲ್ಲ. 1942ರ ಆಗಸ್ಟ್ ತಿಂಗಳಿನಲ್ಲಿ ಬ್ರಿಟಿಷರು ಭಾರತವನ್ನು ಬಿಟ್ಟು ತೊಲಗಬೇಕೆಂದು ಗಾಂಧೀಜಿಯವರು ಕರೆಯಿತ್ತರು. ಆ ಕರೆ ಶಿವಮೊಗ್ಗ ಜಿಲ್ಲೆಯ ಮೂಲೆ ಮೂಲೆಗೂ ಮುಟ್ಟಿತು. ಶಿಕಾರಿಪುರ ತಾಲ್ಲೂಕಿನ ಈಸೂರು ಎಂಬ ಹಳ್ಳಿಯ ಜನರು ತಮ್ಮ ಊರನ್ನು ಸ್ವತಂತ್ರವೆಂದು ಘೋಷಿಸಿಕೊಂಡರು. ಅದಕ್ಕಾಗಿ ಆ ಊರಿನ ಐವರು 1943ರಲ್ಲಿ ಗಲ್ಲಿಗೇರಬೇಕಾಯಿತು. ತೀರ್ಥಹಳ್ಳಿಯ ವಿದ್ಯಾರ್ಥಿಗಳೂ ಸುಮ್ಮನಿರಲಿಲ್ಲ. ತರುಣ ಗೋಪಾಲಗೌಡರು ಚಳವಳಿಗೆ ಧುಮುಕಿ ಶಿವಮೊಗ್ಗದ ಸೆರೆಮನೆಯನ್ನು ಕಂಡರು. ಓದಿ ಉದ್ಯೋಗ ಹಿಡಿದು ಮನೆಯ ಬಡತನವನ್ನು ನೀಗಬೇಕಾಗಿದ್ದ ಹುಡುಗ ದೇಶಸೇವೆಯ ದಾರಿಯನ್ನು ಹಿಡಿದದ್ದು ಹೀಗೆ.

1947ರಲ್ಲಿ ದೇಶ ಸ್ವತಂತ್ರವಾಯಿತು. ಮೈಸೂರು ಸಂಸ್ಥಾನದಲ್ಲಿಯೂ ಜವಾಬ್ದಾರಿ ಸರ್ಕಾರ ಸ್ಥಾಪನೆಯಾಯಿತು. ಎಲ್ಲೆಡೆ ಸಂಭ್ರಮ ತುಂಬಿತ್ತು. ಆದರೆ ಸೆರೆಮನೆಯಿಂದ ಬಂದ ಅನೇಕ ತರುಣರ ಮನಸ್ಸಿನಲ್ಲಿ ಒಂದು ಪ್ರಶ್ನೆ ಕೊರೆಯುತ್ತಿತ್ತು. ಆಳುವವರು ಬದಲಾದರೆ ಸಾಕೆ? ಉಳುವವನ ಬಾಳು ಬದಲಾಗುವುದು ಯಾವಾಗ? ಈ ಪ್ರಶ್ನೆಗೆ ಉತ್ತರವನ್ನು ಅರಸುತ್ತ ಗೋಪಾಲಗೌಡರು ಸಮಾಜವಾದದ ಕಡೆಗೆ ಬಂದರು.

ಸಮಾಜವಾದದ ವಿಚಾರ ನಮ್ಮ ನಾಡಿಗೆ ಬಂದುದು ದೂರದ ಯೂರೋಪಿನಿಂದ. ಆ ಕಥೆಯನ್ನು ಸ್ವಲ್ಪ ತಿಳಿದರೆ ಮುಂದೆ ನಮ್ಮ ಮಲೆನಾಡಿನಲ್ಲಿ ನಡೆದುದನ್ನು ಅರಿಯುವುದು ಸುಲಭವಾಗುತ್ತದೆ. 19ನೆಯ ಶತಮಾನದ ಯೂರೋಪಿನಲ್ಲಿ ದೊಡ್ಡ ದೊಡ್ಡ ಕಾರ್ಖಾನೆಗಳು ತಲೆಯೆತ್ತಿದವು. ಯಂತ್ರಗಳ ಒಡೆಯರು ಸಿರಿವಂತರಾದರು. ಯಂತ್ರಗಳನ್ನು ನಡೆಸುವವರು ಹಗಲಿರುಳು ದುಡಿದರೂ ಹೊಟ್ಟೆ ತುಂಬ ಉಣ್ಣಲಾರದೆ ಹೋದರು. ಕೈಕಸುಬನ್ನು ನಂಬಿದವರು ಕೆಲಸವನ್ನರಸಿ ಊರೂರು ಅಲೆದರು. ಹೀಗೆ ಪ್ಯಾರಿಸ್ ನಗರಕ್ಕೆ ಬಂದು ನೆಲೆಸಿದ್ದ ಕೆಲವು ಜರ್ಮನ್ ಕಸುಬುದಾರರು 1836ರಲ್ಲಿ ನ್ಯಾಯವಂತರ ಕೂಟವೆಂಬ ಗುಪ್ತ ಸಂಘವೊಂದನ್ನು ಕಟ್ಟಿಕೊಂಡರು. ಅದರ ಪ್ರಮುಖರು ದೊಡ್ಡ ಪದವಿಯವರಲ್ಲ. ವಿಲ್ಹೆಲ್ಮ್ ವೈಟ್ಲಿಂಗ್ ಬಟ್ಟೆ ಹೊಲಿಯುವ ದರ್ಜಿ. ಜೋಸೆಫ್ ಮೋಲ್ ಗಡಿಯಾರ ರಿಪೇರಿಯವನು. ಹೈನ್ರಿಖ್ ಬಾವರ್ ಜೋಡು ಹೊಲಿಯುವವನು. ಸರ್ಕಾರದ ಕಾಟದಿಂದ ಪ್ಯಾರಿಸ್ಸನ್ನು ಬಿಟ್ಟ ಮೇಲೆ ಅವರಲ್ಲಿ ಹಲವರು ಲಂಡನ್ನಿಗೆ ಹೋಗಿ ಸಂಘವನ್ನು ಮುಂದುವರಿಸಿದರು.

ಇದೇ ಹೊತ್ತಿಗೆ ಕಾರ್ಲ್ ಮಾರ್ಕ್ಸ್ ಮತ್ತು ಫ್ರೆಡರಿಕ್ ಎಂಗೆಲ್ಸ್ ಎಂಬ ಇಬ್ಬರು ಜರ್ಮನ್ ತರುಣರು ಬ್ರಸೆಲ್ಸ್ ನಗರದಲ್ಲಿದ್ದರು. ಬೇರೆ ಬೇರೆ ದೇಶಗಳ ಸಮಾನಮನಸ್ಕರನ್ನು ಪತ್ರಗಳ ಮೂಲಕ ಒಂದುಗೂಡಿಸಲು ಅವರು 1846ರಲ್ಲಿ ಒಂದು ಸಮಿತಿಯನ್ನು ರಚಿಸಿದರು. 1847ರಲ್ಲಿ ಈ ಇಬ್ಬರ ವಿಚಾರವೂ ಲಂಡನ್ನಿನ ಕಸುಬುದಾರರ ಸಂಘವೂ ಒಂದಾದವು. ಸಂಘಕ್ಕೆ ಕಮ್ಯೂನಿಸ್ಟ್ ಲೀಗ್ ಎಂಬ ಹೊಸ ಹೆಸರು ಬಂತು. ಸಂಘದ ಪರವಾಗಿ ಮಾರ್ಕ್ಸ್ ಮತ್ತು ಎಂಗೆಲ್ಸ್ ಬರೆದ ಪ್ರಣಾಳಿಕೆ 1848ರ ಫೆಬ್ರವರಿಯಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಅದು ಗಾತ್ರದಲ್ಲಿ ಒಂದು ಸಣ್ಣ ಹೊತ್ತಗೆ. ಸಂಘವೂ ಸಣ್ಣದೇ. 1852ರಲ್ಲಿ ಕಲೋನ್ ನಗರದಲ್ಲಿ ಅದರ ಸದಸ್ಯರ ಮೇಲೆ ಮೊಕದ್ದಮೆ ನಡೆದು ಹಲವರಿಗೆ ಸೆರೆವಾಸವಾಯಿತು. ಅದೇ ವರ್ಷ ಸಂಘ ಮುಚ್ಚಿಹೋಯಿತು. ಆದರೆ ಅದು ಬಿತ್ತಿದ ಬೀಜ ಸಾಯಲಿಲ್ಲ. 1864ರಲ್ಲಿ ಲಂಡನ್ನಿನಲ್ಲಿ ಹಲವು ದೇಶಗಳ ಕೆಲಸಗಾರರು ಸೇರಿ ಬಹಿರಂಗವಾಗಿಯೇ ಅಂತರರಾಷ್ಟ್ರೀಯ ಸಂಘವನ್ನು ಸ್ಥಾಪಿಸಿದರು. ಕೈಯಲ್ಲಿ ಹಣವಾಗಲಿ ಅಧಿಕಾರವಾಗಲಿ ಇಲ್ಲದ ಸಾಮಾನ್ಯರು ಸಭೆ ಸೇರಿ, ಚಂದಾ ಕೂಡಿಸಿ, ಕಾಗದ ಬರೆದು, ಊರಿಂದೂರಿಗೆ ಸುದ್ದಿ ಮುಟ್ಟಿಸಿ ತಮ್ಮ ಬಲವನ್ನು ಬೆಳೆಸಿಕೊಳ್ಳಬಲ್ಲರೆಂಬುದನ್ನು ಆ ದರ್ಜಿಗಳೂ ಗಡಿಯಾರದವರೂ ಲೋಕಕ್ಕೆ ತೋರಿಸಿಕೊಟ್ಟಿದ್ದರು.

ಈ ವಿಚಾರಗಳು 20ನೆಯ ಶತಮಾನದಲ್ಲಿ ಭಾರತದ ಸ್ವಾತಂತ್ರ್ಯ ಹೋರಾಟಗಾರರನ್ನೂ ಮುಟ್ಟಿದವು. 1934ರಲ್ಲಿ ಜಯಪ್ರಕಾಶ ನಾರಾಯಣ ಮೊದಲಾದವರು ಕಾಂಗ್ರೆಸ್ಸಿನೊಳಗೇ ಸಮಾಜವಾದಿ ಪಕ್ಷವನ್ನು ಕಟ್ಟಿದರು. ಜರ್ಮನಿಯ ಬರ್ಲಿನ್ನಿನಲ್ಲಿ ಓದಿ ಡಾಕ್ಟರೇಟ್ ಪದವಿ ಪಡೆದು ಬಂದಿದ್ದ ರಾಮಮನೋಹರ ಲೋಹಿಯಾ ಅವರೂ ಅದರಲ್ಲಿದ್ದರು. ಲೋಹಿಯಾ ಅವರು ಯೂರೋಪಿನ ವಿಚಾರವನ್ನು ಹಾಗೆಯೇ ತಂದು ಇಲ್ಲಿ ನೆಡಲು ಒಪ್ಪಲಿಲ್ಲ. ಸಮಾನತೆಯ ಗುರಿಯನ್ನು ಅವರು ಒಪ್ಪಿದರು. ಗುರಿಯನ್ನು ಮುಟ್ಟುವ ದಾರಿ ಗಾಂಧೀಜಿಯವರ ಸತ್ಯಾಗ್ರಹವಾಗಬೇಕೆಂದರು. ನಮ್ಮ ದೇಶದಲ್ಲಿ ಜಾತಿಯ ಮೇಲುಕೀಳು ಹೋಗದೆ ಬಡತನ ಹೋಗದೆಂದು ಸಾರಿದರು. 1948ರಲ್ಲಿ ಸಮಾಜವಾದಿಗಳು ಕಾಂಗ್ರೆಸ್ಸನ್ನು ಬಿಟ್ಟು ಬೇರೆ ಪಕ್ಷವಾಗಿ ನಿಂತರು. ಶಿವಮೊಗ್ಗ ಜಿಲ್ಲೆಯಲ್ಲಿ ಆ ಪಕ್ಷದ ಬಾವುಟವನ್ನು ಹಿಡಿದವರಲ್ಲಿ ಗೋಪಾಲಗೌಡರು ಮುಂದಾಳಾದರು.

ಆ ದಿನಗಳ ಮಲೆನಾಡಿನಲ್ಲಿ ಗದ್ದೆಯ ಒಡೆತನ ಒಬ್ಬರದು, ಬೇಸಾಯ ಇನ್ನೊಬ್ಬರದು. ಉಳುವವನು ಒಡೆಯನಿಗೆ ಪ್ರತಿವರ್ಷವೂ ಗೇಣಿಯೆಂದು ಬತ್ತವನ್ನು ಅಳೆದು ಕೊಡಬೇಕಾಗಿತ್ತು. ಅವನ ಹೆಸರಿನಲ್ಲಿ ಯಾವ ಕಾಗದಪತ್ರವೂ ಇರುತ್ತಿರಲಿಲ್ಲ. ಅಜ್ಜನ ಕಾಲದಿಂದ ಉತ್ತ ಗದ್ದೆಯಾದರೂ ಒಡೆಯನು ಬಿಡು ಎಂದರೆ ಬಿಡಬೇಕು. ಗೇಣಿಯ ಜೊತೆಗೆ ಒಡೆಯನ ಮನೆಯಲ್ಲಿ ಬಿಟ್ಟಿ ಕೆಲಸವೂ ಇರುತ್ತಿತ್ತು. ಸಾಗರದ ಸೀಮೆಯಲ್ಲಿ ಗೇಣಿದಾರರಲ್ಲಿ ಹೆಚ್ಚಿನವರು ದೀವರ ಜನಾಂಗದವರು. ಒಡೆಯರ ಎದುರಿಗೆ ಅವರ ಗಂಡಸರು ಮೊಳಕಾಲಿನಿಂದ ಕೆಳಗೆ ಪಂಚೆಯನ್ನು ಇಳಿಬಿಡುವಂತಿರಲಿಲ್ಲ. ಹೆಂಗಸರ ಉಡುಗೆಗೂ ಕಟ್ಟುಪಾಡುಗಳಿದ್ದವು. ಹೊಟ್ಟೆಯ ಹಸಿವಿನ ಜೊತೆಗೆ ಈ ಅವಮಾನವನ್ನೂ ಅವರು ತಲೆತಲಾಂತರದಿಂದ ನುಂಗಿಕೊಂಡು ಬಂದಿದ್ದರು.

ಗೇಣಿಯ ಬತ್ತವನ್ನು ಅಳೆಯುವುದು ಕೊಳಗದಿಂದ. ಇಪ್ಪತ್ತು ಕೊಳಗವಾದರೆ ಒಂದು ಖಂಡುಗ. ಊರಿನಲ್ಲಿ ವಾಡಿಕೆಯಲ್ಲಿದ್ದ ಕೊಳಗಕ್ಕಿಂತ ದೊಡ್ಡದಾದ ಕೊಳಗದಿಂದ ಒಡೆಯರು ಗೇಣಿಯನ್ನು ಅಳೆಸಿಕೊಳ್ಳುತ್ತಿದ್ದರೆಂಬುದು ಗೇಣಿದಾರರ ದೂರು. ಇದು ಕೇಳಲು ಸಣ್ಣ ಮಾತೆಂದು ತೋರಬಹುದು. ಒಂದು ಲೆಕ್ಕವನ್ನು ಹಾಕಿ ನೋಡೋಣ. ಕೊಳಗವೊಂದಕ್ಕೆ ಅರ್ಧ ಸೇರು ಹೆಚ್ಚು ಹಿಡಿದರೆ, 10 ಖಂಡುಗ ಗೇಣಿ ಕೊಡುವವನು 200 ಕೊಳಗ ಅಳೆಯುವಷ್ಟರಲ್ಲಿ 100 ಸೇರು ಬತ್ತವನ್ನು ಹೆಚ್ಚಾಗಿ ಕೊಟ್ಟಿರುತ್ತಾನೆ. ಮಳೆಗಾಲದ ಕೊನೆಯಲ್ಲಿ ಕಣಜ ಬರಿದಾಗಿ ಮಕ್ಕಳು ಗಂಜಿಗೆ ಅಳುವ ಮನೆಗೆ 100 ಸೇರು ಬತ್ತವೆಂದರೆ ಹಲವು ವಾರಗಳ ಅನ್ನ. ಕಣದ ಮೂಲೆಯಲ್ಲಿ ಕುಳಿತ ಆ ಅಳತೆಯ ಪಾತ್ರೆಯೇ ಅನ್ಯಾಯದ ಗುರುತಾಯಿತು.

ಈ ಅನ್ಯಾಯದ ವಿರುದ್ಧ ಮೊದಲು ಗೇಣಿದಾರರನ್ನು ಒಂದುಗೂಡಿಸಿದವರು ಅದೇ ಜನಾಂಗದ ಎಚ್. ಗಣಪತಿಯಪ್ಪನವರು. ಅವರು ಹಳ್ಳಿ ಹಳ್ಳಿಗೆ ನಡೆದು, ಹೆದರಿದವರಿಗೆ ಧೈರ್ಯ ಹೇಳಿ, ಸಾಗರ ತಾಲ್ಲೂಕು ರೈತ ಸಂಘವನ್ನು ಕಟ್ಟಿದರು. ಒಬ್ಬನೇ ನಿಂತು ಅಳತೆ ಸರಿಯಿಲ್ಲವೆಂದರೆ ಅವನ ಗದ್ದೆ ಹೋಗುವುದು ಖಂಡಿತ. ಊರೆಲ್ಲ ಒಂದಾಗಿ ಹೇಳಿದರೆ? ಸಂಘ ಈ ಧೈರ್ಯವನ್ನು ತಂದುಕೊಟ್ಟಿತು. ಸಾಗರದ ಸಮೀಪದ ಕಾಗೋಡು ಎಂಬ ಹಳ್ಳಿಯಲ್ಲಿ ರೈತರು ನ್ಯಾಯವಾದ ಅಳತೆಯನ್ನು ಕೇಳಿದರು. ಅದಕ್ಕೆ ಪ್ರತಿಯಾಗಿ ಅವರು ಉಳುತ್ತಿದ್ದ ಗದ್ದೆಗಳನ್ನು ಬಿಡಿಸಲಾಯಿತು. ಸಂಧಾನದ ಮಾತುಗಳು ಫಲಿಸಲಿಲ್ಲ. 1951ರ ಏಪ್ರಿಲ್ ತಿಂಗಳಿನಲ್ಲಿ ಕಾಗೋಡಿನ ರೈತರು ಸತ್ಯಾಗ್ರಹವನ್ನು ಆರಂಭಿಸಿದರು.

ಸತ್ಯಾಗ್ರಹದ ಕ್ರಮ ಸರಳವಾಗಿತ್ತು. ತಂಡ ತಂಡವಾಗಿ ರೈತರು ನೇಗಿಲು ಹೊತ್ತು, ತಮ್ಮಿಂದ ಬಿಡಿಸಿದ ಗದ್ದೆಗೆ ಇಳಿಯುವುದು. ಪೊಲೀಸರು ಬಂದು ಹಿಡಿದರೆ ಎದುರಾಡದೆ ಹೋಗುವುದು. ಮರುದಿನ ಇನ್ನೊಂದು ತಂಡ ಇಳಿಯುವುದು. ಹೆಂಗಸರೂ ಹಿಂದುಳಿಯಲಿಲ್ಲ. ನೂರಾರು ಮಂದಿ ಬಂಧನಕ್ಕೊಳಗಾದರು. ಏಟುಗಳನ್ನೂ ತಿಂದರು. ಈ ಹೊತ್ತಿನಲ್ಲಿ ಗೋಪಾಲಗೌಡರು ಮತ್ತು ಅವರ ಸಂಗಡಿಗರು ಸಮಾಜವಾದಿ ಪಕ್ಷದ ಪರವಾಗಿ ರೈತರ ಬೆಂಬಲಕ್ಕೆ ನಿಂತರು. ಒಂದು ಹಳ್ಳಿಯ ಅಳತೆಯ ಜಗಳವಾಗಿ ಮುಗಿದುಹೋಗಬಹುದಾಗಿದ್ದ ಸಂಗತಿಯನ್ನು ಉಳುವವನಿಗೇ ಭೂಮಿ ಸಲ್ಲಬೇಕೆಂಬ ತತ್ತ್ವದ ಹೋರಾಟವನ್ನಾಗಿ ಮಾಡಿದುದು ಅವರ ಹಿರಿಮೆ. ಗೋಪಾಲಗೌಡರು ದೀವರ ಜನಾಂಗಕ್ಕೆ ಸೇರಿದವರಲ್ಲ, ಸಾಗರ ತಾಲ್ಲೂಕಿನವರೂ ಅಲ್ಲ. ಆದರೂ ಕಾಗೋಡಿನ ರೈತರು ಅವರನ್ನು ತಮ್ಮವರೆಂದೇ ನಂಬಿದರು. ಜಾತಿಯ ಗೋಡೆಯನ್ನು ದಾಟಿದ ಈ ನಂಬಿಕೆಯೇ ಆ ಹೋರಾಟದ ದೊಡ್ಡ ಸಂಪತ್ತಾಗಿತ್ತು.

ಕಾಗೋಡಿನ ಸುದ್ದಿ ದೇಶಕ್ಕೆಲ್ಲ ಹಬ್ಬಿತು. ಆ ವರ್ಷದ ಜೂನ್ ತಿಂಗಳಿನಲ್ಲಿ ಡಾಕ್ಟರ್ ಲೋಹಿಯಾ ಅವರೇ ಸಾಗರಕ್ಕೆ ಬಂದರು. ಕಾಗೋಡಿನ ರೈತರ ಜೊತೆಗೆ ನಿಂತರು. ಅವರನ್ನು ಸಾಗರದ ರೈಲು ನಿಲ್ದಾಣದಲ್ಲಿ ಬಂಧಿಸಲಾಯಿತು. ಬ್ರಿಟಿಷರ ಕಾಲದಲ್ಲಿ ಹಲವು ಸಲ ಸೆರೆಮನೆಗೆ ಹೋಗಿದ್ದ ನಾಯಕರೊಬ್ಬರನ್ನು ಸ್ವತಂತ್ರ ಭಾರತದಲ್ಲಿ ಗೇಣಿದಾರರ ಪರವಾಗಿ ನಿಂತುದಕ್ಕಾಗಿ ಬಂಧಿಸಿದರೆಂಬುದು ಜನರ ಮನಸ್ಸನ್ನು ಕಲಕಿತು.

ಕಾಗೋಡಿನ ರೈತರು ನೇಗಿಲು ಹಿಡಿದು ಗದ್ದೆಗಿಳಿದ ಅದೇ ಏಪ್ರಿಲ್ ತಿಂಗಳಿನಲ್ಲಿ ತೆಲಂಗಾಣದ ಪೋಚಂಪಳ್ಳಿಯಲ್ಲಿ ವಿನೋಬಾ ಭಾವೆಯವರಿಗೆ ಮೊದಲ ಭೂದಾನ ದೊರೆಯಿತು. ವಿನೋಬಾ ಅವರು ಭೂಮಿಯುಳ್ಳವರ ಹೃದಯಕ್ಕೆ ಮೊರೆಯಿಟ್ಟರು. ಕಾಗೋಡಿನವರು ಉಳುವವನ ಹಕ್ಕನ್ನು ಕಾನೂನು ಒಪ್ಪಿಕೊಳ್ಳಲಿ ಎಂದರು. ಒಂದೇ ತಿಂಗಳಿನಲ್ಲಿ ಒಂದೇ ಪ್ರಶ್ನೆಗೆ ಎರಡು ಉತ್ತರಗಳು ಹುಟ್ಟಿದವು. ಗೋಪಾಲಗೌಡರು ಎರಡನೆಯ ದಾರಿಯನ್ನು ಹಿಡಿದರು. ದಾನವಾಗಿ ಬಂದುದು ಕೊಡುವವನ ಮನಸ್ಸನ್ನು ಅವಲಂಬಿಸುತ್ತದೆ, ಹಕ್ಕಾಗಿ ಬಂದುದು ಮಕ್ಕಳ ಕಾಲಕ್ಕೂ ಉಳಿಯುತ್ತದೆ ಎಂಬುದು ಈ ದಾರಿಯ ತಿರುಳು.

ಸತ್ಯಾಗ್ರಹ ಕೂಡಲೇ ಗೆಲುವನ್ನು ತರಲಿಲ್ಲ. ಹೋರಾಡಿದವರಲ್ಲಿ ಹಲವರು ಗದ್ದೆಯನ್ನು ಕಳೆದುಕೊಂಡು ಬಹುಕಾಲ ಬವಣೆಪಟ್ಟರು. ಆದರೆ ಅವರ ಕೂಗು ವ್ಯರ್ಥವಾಗಲಿಲ್ಲ. 1952ರಲ್ಲಿ ಮೈಸೂರು ರಾಜ್ಯದಲ್ಲಿ ಗೇಣಿದಾರರ ಕಾಯಿದೆ ಬಂತು. ಅದರಿಂದ ಎಲ್ಲ ಕಷ್ಟಗಳೂ ತೀರದಿದ್ದರೂ ಗೇಣಿದಾರನೆಂಬವನೊಬ್ಬನಿದ್ದಾನೆ, ಅವನಿಗೂ ರಕ್ಷಣೆ ಬೇಕು ಎಂಬುದನ್ನು ಸರ್ಕಾರ ಒಪ್ಪಿಕೊಂಡಂತಾಯಿತು.

1952ರಲ್ಲಿ ಸ್ವತಂತ್ರ ಭಾರತದ ಮೊದಲನೆಯ ಮಹಾಚುನಾವಣೆ ನಡೆಯಿತು. ಆಸ್ತಿ, ವಿದ್ಯೆ, ಜಾತಿ ಯಾವುದನ್ನೂ ಲೆಕ್ಕಿಸದೆ ವಯಸ್ಸಿಗೆ ಬಂದ ಎಲ್ಲರಿಗೂ ಮತದಾನದ ಹಕ್ಕು ದೊರೆತಿತ್ತು. ಗೋಪಾಲಗೌಡರು ಸಾಗರ–ಹೊಸನಗರ ಕ್ಷೇತ್ರದಿಂದ ಸಮಾಜವಾದಿ ಪಕ್ಷದ ಅಭ್ಯರ್ಥಿಯಾದರು. ಅವರ ಬಳಿ ಹಣವಿರಲಿಲ್ಲ. ಕಾಡು, ಕಣಿವೆ, ಹೊಳೆಗಳ ನಡುವೆ ಒಂದೊಂದೇ ಮನೆಯಾಗಿ ಹರಡಿದ ಹಳ್ಳಿಗಳ ಕ್ಷೇತ್ರ ಅದು. ಶರಾವತಿಯ ಆಚೆಯ ತುಮರಿ, ಬ್ಯಾಕೋಡುಗಳ ಕಡೆಗೆ ಹೋಗಬೇಕಾದರೆ ಹೊಳೆಯನ್ನು ದಾಟಬೇಕು. ಎಷ್ಟೋ ಊರುಗಳಿಗೆ ಕಾಲುದಾರಿಯೊಂದೇ ಗತಿ. ಹಣವುಳ್ಳವರು ಮೋಟಾರಿನಲ್ಲಿ ಓಡಾಡುವ ಕಡೆ ಸಮಾಜವಾದಿ ತರುಣರು ನಡೆದೇ ಹೋದರು. ರೈತರ ಮನೆಯಲ್ಲಿ ಉಂಡು, ಅವರ ಜಗುಲಿಯಲ್ಲಿ ಮಲಗಿದರು. ಚುನಾವಣೆಯ ಖರ್ಚಿಗೆ ಜನರೇ ಕೈಲಾದಷ್ಟು ಚಂದಾ ಕೊಟ್ಟರು. ಮತವನ್ನು ಕೇಳುವವನೇ ಮತದಾರನಿಗೆ ಹಣ ಕೊಡುವುದು ಒಂದು ಬಗೆ. ಮತದಾರನೇ ತನ್ನ ಅಭ್ಯರ್ಥಿಗೆ ಮತದ ಜೊತೆಗೆ ಹಣವನ್ನೂ ಕೊಡುವುದು ಇನ್ನೊಂದು ಬಗೆ. ಗೋಪಾಲಗೌಡರ ಚುನಾವಣೆ ಎರಡನೆಯ ಬಗೆಯದು.

ಗೋಪಾಲಗೌಡರು ಗೆದ್ದರು. ಆಗ ಅವರಿಗೆ ಇನ್ನೂ 29 ವರ್ಷ. 99 ಸ್ಥಾನಗಳ ಮೈಸೂರು ವಿಧಾನಸಭೆಯಲ್ಲಿ ಕಾಂಗ್ರೆಸ್ಸಿಗೆ 74 ಸ್ಥಾನಗಳು ದೊರೆತಿದ್ದವು. ಸಮಾಜವಾದಿ ಪಕ್ಷದವರು ಮೂವರೇ. ಅಷ್ಟು ಸಣ್ಣ ಗುಂಪಿನ ಒಬ್ಬ ತರುಣ ಸದಸ್ಯನ ಮಾತಿಗೆ ಬೆಲೆ ಬರುವುದು ಸುಲಭವಲ್ಲ. ಗೋಪಾಲಗೌಡರು ಆ ಬೆಲೆಯನ್ನು ತಮ್ಮ ಸತ್ಯನಿಷ್ಠೆಯಿಂದ ಗಳಿಸಿದರು. ವಿಷಯವನ್ನು ಚೆನ್ನಾಗಿ ಓದಿಕೊಂಡು ಬರುವರು. ಅನ್ಯಾಯ ಕಂಡಲ್ಲಿ ಸಿಡಿದೇಳುವರು. ಅವರ ಕೋಪ ವ್ಯಕ್ತಿಗಳ ಮೇಲಿನ ದ್ವೇಷವಾಗುತ್ತಿರಲಿಲ್ಲವಾದ್ದರಿಂದ ಎದುರು ಪಕ್ಷದವರೂ ಅವರನ್ನು ಗೌರವಿಸುತ್ತಿದ್ದರು. ಗೇಣಿದಾರರ, ಕೂಲಿಗಾರರ, ಬಡವರ ಪ್ರಶ್ನೆಗಳು ಅವರ ಬಾಯಿಂದ ಸಭೆಯಲ್ಲಿ ಮತ್ತೆ ಮತ್ತೆ ಕೇಳಿಬಂದವು.

ಗೋಪಾಲಗೌಡರಿಗೆ ಅತ್ಯಂತ ಪ್ರಿಯವಾದ ಇನ್ನೊಂದು ವಿಷಯ ಕನ್ನಡ. ಆಡಳಿತವೂ ಶಾಸನವೂ ಇಂಗ್ಲಿಷಿನಲ್ಲಿ ನಡೆಯುತ್ತಿದ್ದ ಕಾಲವದು. ಕಾಗೋಡಿನ ರೈತನಿಗೆ ತನ್ನ ಗದ್ದೆಯ ಬಗ್ಗೆ ಬಂದ ಆಜ್ಞೆಯನ್ನು ಓದಿ ತಿಳಿಯಲಾಗದಿದ್ದರೆ ಆ ಸರ್ಕಾರ ಅವನದು ಹೇಗಾದೀತು? ಜನರ ಭಾಷೆಯಲ್ಲಿ ನಡೆಯದ ಆಡಳಿತ ಜನರ ಆಡಳಿತವಾಗದೆಂದು ಅವರು ವಾದಿಸಿದರು. ಒಡೆಯನ ದೊಡ್ಡ ಕೊಳಗ ರೈತನ ಅನ್ನವನ್ನು ಕಸಿಯುವಂತೆ ತಿಳಿಯದ ಭಾಷೆ ಅವನ ಹಕ್ಕನ್ನು ಕಸಿಯುತ್ತದೆ. ಆದ್ದರಿಂದ ಭೂಮಿಯ ಹೋರಾಟವೂ ಭಾಷೆಯ ಹೋರಾಟವೂ ಅವರಿಗೆ ಬೇರೆ ಬೇರೆಯಾಗಿ ಕಾಣಲಿಲ್ಲ. ಕನ್ನಡ ಮಾತಾಡುವ ಪ್ರದೇಶಗಳೆಲ್ಲ ಒಂದು ರಾಜ್ಯವಾಗಬೇಕೆಂಬ ಬೇಡಿಕೆಗೆ ಹಳೆಯ ಮೈಸೂರಿನಲ್ಲಿ ಕೆಲವರು ಹಿಂಜರಿಯುತ್ತಿದ್ದಾಗ ಗೋಪಾಲಗೌಡರು ಏಕೀಕರಣದ ಪರವಾಗಿ ದೃಢವಾಗಿ ನಿಂತರು. 1956ರ ನವೆಂಬರ್ 1ರಂದು ಏಕೀಕೃತ ರಾಜ್ಯ ಉದಯವಾಯಿತು. ಅದರ ಹೆಸರು ಮಾತ್ರ ಮೈಸೂರು ಎಂದೇ ಉಳಿಯಿತು. ಅದು ಕರ್ನಾಟಕವೆಂದಾಗಬೇಕೆಂಬುದು ಗೋಪಾಲಗೌಡರ ಹಂಬಲವಾಗಿತ್ತು.

1957ರ ಚುನಾವಣೆಯಲ್ಲಿ ಅವರಿಗೆ ಸೋಲಾಯಿತು. ಅಧಿಕಾರವನ್ನೇ ಗುರಿಯಾಗಿಟ್ಟುಕೊಂಡವರು ಇಂತಹ ಹೊತ್ತಿನಲ್ಲಿ ಪಕ್ಷವನ್ನು ಬದಲಿಸುವುದುಂಟು. ಗೋಪಾಲಗೌಡರು ತಮ್ಮ ದಾರಿಯನ್ನು ಬಿಡಲಿಲ್ಲ. 1962ರಲ್ಲಿಯೂ 1967ರಲ್ಲಿಯೂ ತೀರ್ಥಹಳ್ಳಿಯ ಜನರು ಅವರನ್ನು ಮತ್ತೆ ವಿಧಾನಸಭೆಗೆ ಕಳುಹಿಸಿದರು. ಅವರು ಕಟ್ಟಿದ ಸಮಾಜವಾದಿ ಬಳಗ ಈ ವೇಳೆಗೆ ಜಿಲ್ಲೆಯಲ್ಲೆಲ್ಲ ಬೇರೂರಿತ್ತು. 1967ರಲ್ಲಿ ಸೊರಬದಿಂದ ಎಸ್. ಬಂಗಾರಪ್ಪನವರು ವಿಧಾನಸಭೆಗೂ, ಶಿವಮೊಗ್ಗದಿಂದ ಜೆ.ಎಚ್. ಪಟೇಲರು ಲೋಕಸಭೆಗೂ ಆರಿಸಿ ಬಂದರು. ಪಟೇಲರು ಲೋಕಸಭೆಯಲ್ಲಿ ಕನ್ನಡದಲ್ಲಿಯೇ ಮಾತನಾಡಿ ಹೆಸರಾದರು. ಮುಂದೆ ಈ ಇಬ್ಬರೂ ರಾಜ್ಯದ ಮುಖ್ಯಮಂತ್ರಿಗಳಾದರು.

ಈ ನಡುವೆ ಶರಾವತಿಯ ಕಣಿವೆಯಲ್ಲಿ ದೊಡ್ಡ ಬದಲಾವಣೆಯೊಂದು ನಡೆಯಿತು. ರಾಜ್ಯಕ್ಕೆ ವಿದ್ಯುಚ್ಛಕ್ತಿಯನ್ನು ಒದಗಿಸಲು 1964ರ ವೇಳೆಗೆ ಲಿಂಗನಮಕ್ಕಿಯಲ್ಲಿ ಅಣೆಕಟ್ಟು ಎದ್ದುನಿಂತಿತು. ಸಾಗರ, ಹೊಸನಗರ ತಾಲ್ಲೂಕುಗಳ ಎಷ್ಟೋ ಊರುಗಳೂ ಗದ್ದೆತೋಟಗಳೂ ನೀರಿನಡಿಯಲ್ಲಿ ಮುಳುಗಿದವು. ಬ್ಯಾಕೋಡಿನಂತಹ ಊರುಗಳಿಗೂ ಸಾಗರಕ್ಕೂ ನಡುವೆ ವಿಶಾಲವಾದ ಹಿನ್ನೀರು ಹರಡಿಕೊಂಡಿತು. ಹೆಸರಿನಲ್ಲಿ ಭೂಮಿಯುಳ್ಳವನು ಪರಿಹಾರವನ್ನು ಕೇಳಬಹುದು. ತಲೆಮಾರುಗಳಿಂದ ಉತ್ತಿದ್ದರೂ ದಾಖಲೆಯಲ್ಲಿ ಹೆಸರಿಲ್ಲದ ಗೇಣಿದಾರನು ಏನೆಂದು ಕೇಳಬೇಕು? ಉಳುವವನ ಹೆಸರು ಪಹಣಿಯಲ್ಲಿ ಬರಬೇಕೆಂಬ ಕೂಗಿನ ಮಹತ್ವ ಇಂತಹ ಸಮಯದಲ್ಲಿ ಎಲ್ಲರಿಗೂ ಅರಿವಾಗುವಂತಿತ್ತು.

ಗೋಪಾಲಗೌಡರು ಬರಿಯ ರಾಜಕಾರಣಿಯಾಗಿರಲಿಲ್ಲ. ಕನ್ನಡ ಕಾವ್ಯವೆಂದರೆ ಅವರಿಗೆ ಪ್ರಾಣ. ಸಂಗೀತದಲ್ಲಿಯೂ ಒಲವಿತ್ತು. ಅಂದಿನ ಎಳೆಯ ಸಾಹಿತಿಗಳು ಅವರ ಸುತ್ತ ಸೇರುತ್ತಿದ್ದರು. ತೀರ್ಥಹಳ್ಳಿಯ ಸೀಮೆಯವರೇ ಆದ ಯು.ಆರ್. ಅನಂತಮೂರ್ತಿಯವರು ಅವರ ಆಪ್ತರಲ್ಲೊಬ್ಬರು. ಅವರು 1978ರಲ್ಲಿ ಪ್ರಕಟಿಸಿದ ಅವಸ್ಥೆ ಎಂಬ ಕಾದಂಬರಿಯ ನಾಯಕನ ಪಾತ್ರಕ್ಕೆ ಗೋಪಾಲಗೌಡರ ಬಾಳೇ ಪ್ರೇರಣೆ. ಹೋರಾಟದಲ್ಲಿಯೇ ಮುಳುಗಿದ್ದ ಗೋಪಾಲಗೌಡರು ವಿವಾಹವಾದುದು ನಲವತ್ತು ದಾಟಿದ ಮೇಲೆ. ಮೂರು ಸಲ ಶಾಸಕರಾಗಿದ್ದರೂ ಅವರು ಆಸ್ತಿಯನ್ನು ಕೂಡಿಡಲಿಲ್ಲ. ಸಾರ್ವಜನಿಕ ಬದುಕಿಗೆ ಬಂದ ಮೇಲೆ ಬಡವರಾಗಿಯೇ ಉಳಿದರು.

ಬಿಡುವಿಲ್ಲದ ಅಲೆದಾಟ, ಹೊತ್ತಿಗೆ ಸರಿಯಾಗಿ ಇಲ್ಲದ ಊಟ ನಿದ್ರೆಗಳು ಯಾವ ದೇಹವನ್ನೂ ಸವೆಸದೆ ಬಿಡುವುದಿಲ್ಲ. ಕೊನೆಯ ವರ್ಷಗಳಲ್ಲಿ ಅವರು ಕಾಯಿಲೆಯಿಂದ ಬಹಳ ಬಳಲಿದರು. 1972ರ ಜೂನ್ 9ರಂದು ತಮ್ಮ 49ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು. ಹಣವಂತರ ಸಾವಿಗೆ ಊರು ಮರುಗುವುದು ಅಪರೂಪ. ಗೋಪಾಲಗೌಡರಿಗಾಗಿ ಮಲೆನಾಡಿನ ಗುಡಿಸಲುಗಳು ಕಣ್ಣೀರಿಟ್ಟವು.

ಅವರು ಬಯಸಿದ ಎರಡು ದೊಡ್ಡ ಸಂಗತಿಗಳು ಅವರು ತೀರಿಕೊಂಡ ಎರಡು ವರ್ಷಗಳೊಳಗೆ ನಡೆದವು. ದೇವರಾಜ ಅರಸರು ಮುಖ್ಯಮಂತ್ರಿಗಳಾಗಿದ್ದಾಗ, 1973ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂತು. 1961ರ ಭೂಸುಧಾರಣಾ ಕಾಯಿದೆಗೆ ಮಾಡಿದ ಮಹತ್ವದ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂದು ಗೇಣಿ ಪದ್ಧತಿ ರದ್ದಾಯಿತು. ತಾಲ್ಲೂಕುಗಳಲ್ಲಿ ಭೂ ನ್ಯಾಯಮಂಡಳಿಗಳು ರಚನೆಯಾದವು. ಲಕ್ಷಾಂತರ ಗೇಣಿದಾರರು ಅರ್ಜಿ ಸಲ್ಲಿಸಿದರು. ಅಜ್ಜ ಮುತ್ತಜ್ಜರು ಉತ್ತ ಗದ್ದೆಗೆ ಮೊಮ್ಮಕ್ಕಳು ಒಡೆಯರಾದರು. ಭೂಮಿಯ ಜೊತೆಗೆ ಮಕ್ಕಳ ಓದಿಗೂ ದಾರಿಯಾಯಿತು. ಈ ದಿನವನ್ನು ಕಾಣಲು ಗೋಪಾಲಗೌಡರು ಇರಲಿಲ್ಲ.

ಹಾಗಾದರೆ ಅವರ ಬಾಳನ್ನು ಗೆಲುವೆನ್ನಬೇಕೆ, ಸೋಲೆನ್ನಬೇಕೆ? ಅವರು ಮಂತ್ರಿಯಾಗಲಿಲ್ಲ. ಅವರ ಪಕ್ಷ ರಾಜ್ಯದಲ್ಲಿ ಅಧಿಕಾರಕ್ಕೆ ಬರಲಿಲ್ಲ. ಅವರು ಬೆಂಬಲಿಸಿದ ಸತ್ಯಾಗ್ರಹ ಆ ಕಾಲಕ್ಕೆ ಫಲ ನೀಡಲಿಲ್ಲ. ಲಂಡನ್ನಿನ ಆ ದರ್ಜಿಗಳೂ ಗಡಿಯಾರದವರೂ ಕಟ್ಟಿದ ಸಂಘವೂ ಐದೇ ವರ್ಷಗಳಲ್ಲಿ ಮುಚ್ಚಿತ್ತಲ್ಲವೆ? ಸಾಮಾನ್ಯರು ಕಟ್ಟುವ ಸಂಘಗಳ ಫಲವನ್ನು ಅವುಗಳ ಆಯುಸ್ಸಿನಿಂದ ಅಳೆಯಲಾಗದು. ಅವು ಜನರಲ್ಲಿ ಮೂಡಿಸಿದ ಆತ್ಮಗೌರವ ಅವುಗಳ ತರುವಾಯವೂ ಕೆಲಸ ಮಾಡುತ್ತಿರುತ್ತದೆ. ಕಾಗೋಡಿನ ರೈತನು ಒಡೆಯನ ಎದುರು ನೆಟ್ಟಗೆ ನಿಂತು ಅಳತೆ ಸರಿಯಿಲ್ಲವೆಂದು ಹೇಳಿದ ದಿನವೇ ಹಳೆಯ ವ್ಯವಸ್ಥೆಯ ಬೇರು ಅಲುಗಿತು. ಅದು ಉರುಳಿಬೀಳಲು 23 ವರ್ಷಗಳು ಹಿಡಿದವು.

ಇಂದು ಸಾಗರ, ಹೊಸನಗರ, ತೀರ್ಥಹಳ್ಳಿಗಳ ಸೀಮೆಯಲ್ಲಿ ಸಂಚರಿಸುವವರು ದಾರಿಯ ಎರಡೂ ಬದಿಗೆ ಗದ್ದೆಗಳನ್ನೂ ತೋಟಗಳನ್ನೂ ಕಾಣುತ್ತಾರೆ. ಅವುಗಳಲ್ಲಿ ಎಷ್ಟೋ ಗದ್ದೆಗಳ ಪಹಣಿಯಲ್ಲಿ ಉಳುವವನ ಹೆಸರೇ ಇದೆ. ಆ ಹೆಸರು ಅಲ್ಲಿ ಬರುವುದಕ್ಕಾಗಿ ಎಷ್ಟು ಜನರು ನಡೆದರು, ಎಷ್ಟು ಜನರು ಸೆರೆಮನೆಯನ್ನು ಕಂಡರು ಎಂಬುದನ್ನು ಪಹಣಿ ಹೇಳುವುದಿಲ್ಲ. ಅದನ್ನು ನೆನಪಿನಲ್ಲಿಟ್ಟುಕೊಳ್ಳುವುದು ಆ ಅನ್ನವನ್ನು ಉಣ್ಣುವ ನಮ್ಮೆಲ್ಲರ ಕರ್ತವ್ಯ.